ಐವತ್ತು ವರ್ಷದ ಮುಚ್ಚಳ

ಆ ಮನೆಯಲ್ಲಿ ಜಗಳ ಶುರುವಾದದ್ದು ಒಂದು ಮುಚ್ಚಳದಿಂದ. ಬೇಳೆ ಬೇಯುವ ಪಾತ್ರೆಯ ಮುಚ್ಚಳ. ಸೊಸೆ ಮುಚ್ಚಿ ಹೋಗುತ್ತಿದ್ದಳು, ಅತ್ತೆ ಬಂದು ತೆಗೆಯುತ್ತಿದ್ದರು. ಒಂದೇ ಬೆಳಿಗ್ಗೆ ಆ ಮುಚ್ಚಳ ಆರು ಸಲ ಹತ್ತಿ ಇಳಿದದ್ದನ್ನು ಮೊಮ್ಮಗಳು ಹಲ್ಲುಜ್ಜುತ್ತಾ ಎಣಿಸಿದ್ದಳು.

"ಉಕ್ಕಿ ಚೆಲ್ಲುತ್ತೆ ಕಣೇ," ಎಂದರು ಅತ್ತೆ. "ಮೂವತ್ತು ವರ್ಷ ಕಾರ್ಖಾನೆ ಕ್ಯಾಂಟೀನಲ್ಲಿ ಮುನ್ನೂರು ಜನಕ್ಕೆ ಬೇಯಿಸಿ ಹಾಕಿದ್ದೀನಿ. ನಂಗೆ ಬೇಳೆ ಬೇಯಿಸೋದು ಹೇಳಿಕೊಡ್ತೀಯಾ?"

"ಉರಿ ಸಣ್ಣ ಮಾಡಿದ್ರೆ ಉಕ್ಕಲ್ಲ ಅತ್ತೆ. ಒಲೆ ಬೇಗ ಆರಿಸಬಹುದು."

"ಬೇಗ ಆರಿಸಿ ಏನ್ ಮಾಡ್ಬೇಕು?"

"ಭೂಮಿ ಬಿಸಿಯಾಗೋದು ಅಷ್ಟಾದ್ರೂ ಕಡಿಮೆ ಆಗುತ್ತೆ."

ಅತ್ತೆ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿದರು. "ನನ್ನ ತಂಗಿ ಸತ್ತಿದ್ದು ಮುಚ್ಚಳ ಮುಚ್ಚದೇ ಇದ್ದಿದ್ದಕ್ಕಲ್ಲ."

ಸೊಸೆ ಸೌಟು ಕೆಳಗಿಟ್ಟು ಅಲ್ಲಿಂದ ಹೊರಟಳು. ಆ ಮಾತು ಬಂದಾಗಲೆಲ್ಲ ಹಾಗೇ ಆಗುತ್ತಿತ್ತು.

ಅತ್ತೆಯ ತಂಗಿ, ಮನೆಮಂದಿಗೆಲ್ಲ ಚಿಕ್ಕಮ್ಮ, ಮೂರು ಬೀದಿ ಆಚೆ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ ಮಾಡಿಕೊಂಡಿದ್ದರು. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು. ಬಾಗಿಲು ಒಡೆದು ಒಳಗೆ ಹೋದಾಗ ಫ್ಯಾನು ತಿರುಗುತ್ತಿತ್ತು, ಕಿಟಕಿ ಚಿಲಕ ಹಾಕಿ ಮುಚ್ಚಿತ್ತು. ಅಷ್ಟು ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಯಾಕೆ ಮಲಗಿದ್ದರು ಎಂದು ಬಂದವರೆಲ್ಲ ಕೇಳಿದರು. ವಯಸ್ಸಾಯಿತು, ಮರೆವು ಎಂದು ತಾವೇ ಉತ್ತರ ಹೇಳಿಕೊಂಡು ಹೊರಟುಹೋದರು.

ಅವರಿಗೆ ಕೊನೆಯ ಬಟ್ಟೆ ಉಡಿಸಿದವಳು ಸೊಸೆ. ಬಟ್ಟೆ ರಿಪೇರಿ ಅಂಗಡಿಯಲ್ಲಿ ಹೊಲಿಗೆಯವಳು ಅವಳು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಕಿತ್ತುಹೋದ ಜಿಪ್ ಬದಲಿಸುವುದು, ಹರಿದ ಕೋಟಿಗೆ ಹೊರಗೆ ಕಾಣದ ಹಾಗೆ ತೇಪೆ ಹಾಕುವುದು ಅವಳ ಕೆಲಸ. ಕೈ ಹಾಕಿದ್ದನ್ನು ಅರ್ಧಕ್ಕೆ ಬಿಡುವ ಪೈಕಿಯಲ್ಲ. ಚಿಕ್ಕಮ್ಮ ಹೋದ ತಿಂಗಳಿಗೆ ಎಲ್ಲೆಲ್ಲಿಂದಲೋ ಓದಿ, ಕೇಳಿ, ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು. ಪಾತ್ರೆಗೆ ಮುಚ್ಚಳ. ಬೇಳೆ, ಕಾಳು ಹಿಂದಿನ ದಿನವೇ ನೆನೆಹಾಕುವುದು. ಸ್ನಾನಕ್ಕೆ ಒಂದೇ ಬಕೆಟ್ ಬಿಸಿನೀರು. ಅರ್ಧ ಗಂಟೆಯ ದಾರಿಗೆ ನಡಿಗೆ. ಮಾಂಸ ವಾರಕ್ಕೆ ಒಂದೇ ದಿನ. ಉಳಿದ ಅನ್ನ ಎಸೆಯಕೂಡದು. ಹೊಸ ಬಟ್ಟೆ ವರ್ಷಕ್ಕೊಂದು. ಹೀಗೆ ಹನ್ನೊಂದು. ಹನ್ನೊಂದನೆಯದು ನೇರವಾಗಿ ಅತ್ತೆಯ ಎದೆಗೇ ನಾಟಿತು. ಮನೆಗೆ ಎಸಿ ಬೇಡ.

ಅತ್ತೆಗೆ ಬೇಕಾಗಿದ್ದದ್ದು ಅದೊಂದೇ. ತಂಗಿ ಹೋದ ಮೇಲೆ ಬಿಸಿಲೆಂದರೆ ಅವರಿಗೆ ಭಯ. ಅವರ ಮಗ ಎಸಿ ಮೆಕ್ಯಾನಿಕ್. ಯಾರದೋ ಹಳೆಯ ಎಸಿಯೊಂದನ್ನು ತಂದು, ಅಮ್ಮನ ಕೋಣೆಗೆ ಹಾಕಿಕೊಡುತ್ತೇನೆಂದು ಹಾಲಿನ ಮೂಲೆಯಲ್ಲಿ ಹಳೇ ಬೆಡ್‌ಶೀಟು ಹೊದಿಸಿ ಇಟ್ಟಿದ್ದ. ಪಟ್ಟಿ ಬಂದ ಮೇಲೆ ಅದು ಹೊದ್ದುಕೊಂಡು ಹಾಗೇ ಕೂತಿತು.

"ಊರಿಗೆಲ್ಲ ತಂಪು ಮಾಡ್ತಾನೆ ನನ್ನ ಮಗ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. "ಹೆತ್ತ ತಾಯಿಗೆ ಮಾತ್ರ ಬೀಸಣಿಗೆ."

ಮೆಕ್ಯಾನಿಕ್ ತಾಯಿ ಹೇಳಿದಾಗ ತಾಯಿಗೆ ತಲೆ ಆಡಿಸುತ್ತಿದ್ದ, ಹೆಂಡತಿ ಹೇಳಿದಾಗ ಹೆಂಡತಿಗೆ. ಹದಿನಾಲ್ಕು ವರ್ಷದ ಮಗಳು ಇಬ್ಬರ ಮಾತೂ ಕೇಳಿ ತೀರ್ಪು ಕೊಡುತ್ತಿದ್ದಳು. ಅದಕ್ಕೇ ಅವಳಿಗೆ ಜಡ್ಜಮ್ಮ ಎಂದು ಹೆಸರು ಬಿದ್ದಿತ್ತು.

ಒಂದು ದಿನ ಮೆಕ್ಯಾನಿಕ್ ಊಟದ ಡಬ್ಬಿ ಮರೆತು ಹೋದ. ಸೊಸೆ ಅಂಗಡಿಯಿಂದ ಮಧ್ಯಾಹ್ನ ಒಂದು ಗಂಟೆ ಬಿಡುವು ಕೇಳಿ, ತನ್ನದೇ ನಿಯಮದ ಪ್ರಕಾರ ಬಿಸಿಲಲ್ಲಿ ನಡೆದುಕೊಂಡು, ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ತಾರಸಿ ಹತ್ತಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ಕೆಲಸ ಮಾಡುವುದನ್ನು ಅವಳು ನೋಡಿದ್ದು ಅದೇ ಮೊದಲು.

ಅವನು ಒಂದು ಹಳೇ ಎಸಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೀಲಿಯಂಥ ಒಂದು ಕಬ್ಬಿಣದ ಕಡ್ಡಿ ತೂರಿಸಿ ವಾಲ್ವ್ ತಿರುಗಿಸಿದ. ಸುಯ್ ಎಂದು ಕಿವಿ ಕೊರೆಯುವ ಸದ್ದು. ಬಿಳಿ ಹೊಗೆಯಂಥದ್ದು ಚಿಮ್ಮಿ ಬಿಸಿಲಲ್ಲಿ ಕಾಣೆಯಾಯಿತು. ತಾಮ್ರದ ಪೈಪಿನ ಬಾಯಿಗೆ ಆ ಬಿಸಿಲಲ್ಲೂ ಹಿಮ ಕಟ್ಟಿತು.

"ಏನ್ರೀ ಅದು?"

"ಹಳೇ ಗ್ಯಾಸು. ಪೆಟ್ಟಿಗೆ ಬಿಚ್ಚೋ ಮೊದಲು ಖಾಲಿ ಮಾಡ್ಬೇಕು."

"ಗಾಳಿಗೇ ಬಿಡ್ತೀರಾ?"

"ಮತ್ತೆ ಜೇಬಿಗೆ ಹಾಕ್ಕೊಳ್ಲಾ?" ಎಂದು ನಕ್ಕು ಡಬ್ಬಿಗೆ ಕೈ ಚಾಚಿದ. "ಏನೂ ಆಗಲ್ಲ ಮಾರಾಯ್ತಿ, ವಾಸನೆ ಕೂಡ ಇಲ್ಲ."

ಸೊಸೆ ನಗಲಿಲ್ಲ. ಪೆಟ್ಟಿಗೆಯ ಬೆನ್ನಿಗೆ ಬಡಿದಿದ್ದ ತಗಡಿನ ಮೇಲೆ ಗ್ಯಾಸಿನ ಹೆಸರು, ತೂಕ ಎಲ್ಲ ಅಚ್ಚಾಗಿತ್ತು. ಬ್ಲೌಸಿನ ಅಳತೆ ಬರೆಯುವ ಚೀಟಿಯಲ್ಲಿ ಅದನ್ನು ಗುರುತು ಹಾಕಿಕೊಂಡಳು. ಸಂಜೆ ಆ ಚೀಟಿ ಜಡ್ಜಮ್ಮನ ಕೈಗೆ ಹೋಯಿತು.

ರಾತ್ರಿಯೂಟಕ್ಕೆ ನಾಲ್ಕೂ ಜನ ಕೂತಾಗ ಜಡ್ಜಮ್ಮ ಗಂಟಲು ಸರಿಮಾಡಿಕೊಂಡಳು.

"ಅಪ್ಪಾ, ಇವತ್ತು ನೀನು ಬಿಟ್ಟ ಗ್ಯಾಸು ಒಂದು ಕಿಲೋ ಇನ್ನೂರು ಗ್ರಾಂ. ಅದರ ಒಂದು ಕಿಲೋ ಎರಡು ಸಾವಿರ ಕಿಲೋ ಇಂಗಾಲದ ಹೊಗೆಗೆ ಸಮ ಅಂತೆ."

"ಅಂತೆ ಕಂತೆ. ಅನ್ನ ತಿನ್ನು."

"ನಮ್ಮ ಸೈನ್ಸ್ ಮೇಡಂ ಮನೆಗೇ ಹೋಗಿ ಲೆಕ್ಕ ಹಾಕಿಸ್ಕೊಂಡು ಬಂದೆ. ನಮ್ಮನೆ ಒಲೆ ಮೇಲೆ ದಿನಾ ಮುಚ್ಚಳ ಮುಚ್ಚಿದ್ರೆ ಉಳಿಯೋದು ಇದೆಯಲ್ಲ..." ಅವಳು ಅಜ್ಜಿಯ ಕಡೆ ಒಮ್ಮೆ, ಅಮ್ಮನ ಕಡೆ ಒಮ್ಮೆ ನೋಡಿದಳು. "ಅಪ್ಪ ಇವತ್ತು ಒಂದು ಸಲ ಸುಯ್ ಅನ್ನಿಸಿದ್ದನ್ನ ಸರಿ ಮಾಡೋಕೆ ಹತ್ತಿರಹತ್ತಿರ ಐವತ್ತು ವರ್ಷ ಮುಚ್ಚಬೇಕು."

ಅತ್ತೆ ನಕ್ಕರು. ಸಣ್ಣ ನಗುವಲ್ಲ, ನೆತ್ತಿಗೆ ಹತ್ತಿ ಕೆಮ್ಮು ಬರುವಷ್ಟು.

"ಐವತ್ತು ವರ್ಷ! ಲೇ ಇವಳೇ, ತಿಂಗಳುಗಟ್ಟಲೆ ನನ್ನ ಪ್ರಾಣ ಹಿಂಡ್ತಾ ಇದ್ದೀಯಲ್ಲೇ. ಕಟ್ಟಿಕೊಂಡ ಗಂಡ ಒಂದೇ ಮಧ್ಯಾಹ್ನದಲ್ಲಿ ಐವತ್ತು ವರ್ಷದ ಮುಚ್ಚಳ ಹಾರಿಸಿಬಿಟ್ಟನಲ್ಲೇ!"

ಸೊಸೆಯ ಮುಖ ಕೆಂಪಾಯಿತು. "ವಾರಕ್ಕೆ ಎಷ್ಟು ಬಿಡ್ತೀರಿ?" ಎಂದು ಗಂಡನನ್ನು ಕೇಳಿದಳು.

"ಎಷ್ಟೋ. ಎರಡು, ಮೂರು. ಎಲ್ರೂ ಬಿಡ್ತಾರೆ."

"ಎಲ್ರ ವಿಷಯ ಬೇಡ. ಹಿಡಿಯೋಕೆ ಆಗಲ್ವಾ?"

"ಹಿಡಿಯೋ ಮೆಷಿನ್ ಅಂಗಡೀಲಿ ಇದೆ. ಅದರ ಮೇಲೆ ಟೀ ಫ್ಲಾಸ್ಕ್ ಇಡ್ತೀವಿ."

ಸುಮ್ಮನೆ ಬಾಯಿತಪ್ಪಿ ಬಂದ ಮಾತು. ಬಂದ ಮೇಲೆ ಅವನಿಗೇ ಅದು ಕೇಳಿಸಿತು. ಮೂವರು ಹೆಂಗಸರೂ ಅವನನ್ನೇ ನೋಡುತ್ತಿದ್ದರು. ತಟ್ಟೆ ತಳ್ಳಿ ಎದ್ದ.

"ಮನೆಗೆ ಬಂದ್ರೆ ನೆಮ್ಮದಿಯಾಗಿ ಒಂದು ತುತ್ತು ತಿನ್ನೋ ಹಾಗಿಲ್ಲ. ನಾನು ದುಡಿಯೋದ್ರಲ್ಲೇ ತಪ್ಪು ಹುಡುಕ್ತೀರಿ."

ತಟ್ಟೆಯಲ್ಲಿ ಉಳಿದ ಅನ್ನವನ್ನು ಸೊಸೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಮರುದಿನ ಬೆಳಿಗ್ಗೆ ಅವನ ತಟ್ಟೆಗೆ ಬಿಸಿ ಮಾಡಿ ಬಡಿಸಿದ್ದೂ ಅದನ್ನೇ.

ಮೂರು ದಿನ ಅವನು ಮುಖ ಊದಿಸಿಕೊಂಡು ಓಡಾಡಿದ. ನಾಲ್ಕನೇ ದಿನ ಅಂಗಡಿಗೆ ಹೋದವನು ಟೀ ಫ್ಲಾಸ್ಕು, ಲೋಟ, ಬಿಸ್ಕೆಟ್ ಡಬ್ಬಿ ಕೆಳಗಿಳಿಸಿ ಆ ಮೆಷಿನ್ನಿನ ಧೂಳು ಒರೆಸಿದ. ಹತ್ತು ವರ್ಷದ ಹಿಂದೆ ಲೈಸೆನ್ಸಿಗೆ ಬೇಕೆಂದು ಅಂಗಡಿಯ ಸಾಹುಕಾರರು ಕೊಂಡದ್ದು. ಒಂದು ಸಲವೂ ಚಾಲೂ ಮಾಡಿರಲಿಲ್ಲ.

"ಏನಯ್ಯಾ, ಟೀ ಎಲ್ಲಿಡೋದು?" ಎಂದರು ಸಾಹುಕಾರರು.

"ನೆಲದ ಮೇಲಿಡಿ ಸಾಹುಕಾರ್ರೇ."

ಜೊತೆಯ ಮೆಕ್ಯಾನಿಕ್, ಆರಡಿ ಮೇಲೆ ಬೆಳೆದಿದ್ದಕ್ಕೆ ಉದ್ದಣ್ಣ ಎನಿಸಿಕೊಂಡವನು, ಇದನ್ನು ನೋಡಿ ಹಲ್ಲು ಕಿರಿದ. "ಮನೇಲಿ ಕಿವಿ ಹಿಂಡಿದ್ರಾ ಅಣ್ಣಾ?"

"ಹಿಂಡಿದ್ರು," ಎಂದು ಮೆಕ್ಯಾನಿಕ್ ಒಪ್ಪಿಕೊಂಡ.

ಕೆಲಸವೇನೂ ಕಷ್ಟದ್ದಲ್ಲ. ಒಂದು ಪೈಪು ಪೆಟ್ಟಿಗೆಗೆ, ಒಂದು ಪೈಪು ಖಾಲಿ ಸಿಲಿಂಡರಿಗೆ, ನಡುವೆ ಮೆಷಿನ್. ಸಿಲಿಂಡರು ತಕ್ಕಡಿಯ ಮೇಲೆ ನಿಂತಿರುತ್ತದೆ, ಪೂರ್ತಿ ತುಂಬಬಾರದು. ಕಷ್ಟವೆಂದರೆ ಹೊತ್ತು. ವಾಲ್ವ್ ತಿರುಗಿಸಿ ಬಿಟ್ಟರೆ ಐದು ನಿಮಿಷ, ಹಿಡಿದರೆ ಮುಕ್ಕಾಲು ಗಂಟೆ. ಹಿಡಿಯಬೇಕಾದ ದಿನ ನಾಲ್ಕು ಮನೆಯ ಬದಲು ಮೂರೇ ಮುಗಿಯುತ್ತಿತ್ತು. ಸಾಹುಕಾರರು ಗಡಿಯಾರ ನೋಡಲು ಶುರುಮಾಡಿದರು. ತುಂಬಿದ ಸಿಲಿಂಡರನ್ನು ಅಂಗಡಿಯಲ್ಲಿಡಲು ಜಾಗವಿಲ್ಲ ಎಂದರು. ಆ ಗ್ಯಾಸನ್ನು ಶುದ್ಧ ಮಾಡಿ ಮತ್ತೆ ಬಳಸುವ ಕಾರ್ಖಾನೆಯೊಂದು ಊರ ಹೊರಗಿತ್ತು. ಅವರು ಐದು ಸಿಲಿಂಡರು ಸೇರಿದರೆ ಮಾತ್ರ ಗಾಡಿ ಕಳಿಸುತ್ತಾರಂತೆ. ಹಾಗಾಗಿ ಮೊದಲ ಸಿಲಿಂಡರು ಸೈಕಲ್ಲಿನ ಕ್ಯಾರಿಯರ್ ಏರಿ ಮನೆಗೆ ಬಂತು.

"ಏನೋ ಇದು? ಬಾಂಬು ತಂದ್ಯೇನೋ?" ಎಂದು ಅತ್ತೆ ಬಾಗಿಲಲ್ಲೇ ಅಡ್ಡ ನಿಂತರು.

"ಏನೂ ಆಗಲ್ಲ ಅಮ್ಮಾ. ಬಿಸಿಲು ತಾಗದ ಹಾಗೆ ನೋಡ್ಕೊಂಡ್ರೆ ಸಾಕು. ಜಾಸ್ತಿ ಬಿಸಿ ಆಗಬಾರದು, ಅಷ್ಟೇ."

ಆ ಒಂದು ಮಾತು ಸಾಕಾಯಿತು. ಬಾಲ್ಕನಿಯ ನೆರಳಿನ ಮೂಲೆಯಲ್ಲಿಟ್ಟ ಸಿಲಿಂಡರಿಗೆ ಅತ್ತೆ ಎರಡು ಗಂಟೆಗೊಮ್ಮೆ ಒದ್ದೆ ಟವೆಲು ಸುತ್ತತೊಡಗಿದರು, ಜ್ವರ ಬಂದ ಮಗುವಿಗೆ ತಣ್ಣೀರು ಪಟ್ಟಿ ಹಾಕಿದ ಹಾಗೆ. ಅಂಗೈ ಇಟ್ಟು ನೋಡುವುದು, ಟವೆಲು ಹಿಂಡುವುದು, ಮತ್ತೆ ಸುತ್ತುವುದು. ಬೇಕಿಲ್ಲ ಎಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಎರಡನೇ ಸಿಲಿಂಡರು ಬಂದಾಗ ಸೊಸೆಯ ಹಳೇ ಸೀರೆಯೊಂದು ಹರಿದು ಎರಡಾಯಿತು.

"ಅಜ್ಜೀ, ಒಂದು ಸಿಲಿಂಡರಲ್ಲಿ ನಾನೂರು ವರ್ಷದ ಮುಚ್ಚಳ ಇದೆ," ಎಂದಳು ಜಡ್ಜಮ್ಮ.

"ಇರ್ಲಿ, ಇರ್ಲಿ," ಎಂದು ಅತ್ತೆ ಸಿಲಿಂಡರಿನ ಬೆನ್ನು ತಟ್ಟಿದರು. ಒಳಗೆ ಹೋಗಿ ಮಾತ್ರ ಬೇಳೆಯ ಪಾತ್ರೆಯ ಮುಚ್ಚಳ ತೆಗೆದಿಟ್ಟರು. ಅದರಲ್ಲಿ ರಾಜಿ ಇರಲಿಲ್ಲ.

ಐದು ವಾರ ಹೀಗೇ ನಡೆಯಿತು. ಆರನೇ ವಾರ ಸಾಹುಕಾರರಿಗೆ ದೊಡ್ಡ ಕೆಲಸ ಸಿಕ್ಕಿತು. ನಾಲ್ಕು ಮಹಡಿಯ ಒಂದು ಹಾಸ್ಟೆಲ್. ಹಳೆಯ ಇಪ್ಪತ್ತೆರಡು ಪೆಟ್ಟಿಗೆ ಕಿತ್ತು ಹೊಸವು ಕೂರಿಸಬೇಕು, ಕೀಳುವುದಕ್ಕೆ ಎರಡೇ ದಿನ.

"ಇಪ್ಪತ್ತೆರಡು ಹಿಡಿಯೋಕೆ ಐದು ದಿನ ಬೇಕು," ಎಂದ ಮೆಕ್ಯಾನಿಕ್.

"ಹಿಡೀಬೇಡ. ಬಿಡು. ಹತ್ತೊಂಬತ್ತು ವರ್ಷ ಬಿಟ್ಟಿಲ್ವಾ? ಈಗೇನು ಹೊಸದಾಗಿ ಸನ್ಯಾಸಿ ಆಗಿದ್ದೀಯಾ?"

"ಇನ್ನು ಬಿಡಲ್ಲ ಸಾಹುಕಾರ್ರೇ."

"ಇವತ್ತು ಶುಕ್ರವಾರ. ಎರಡು ದಿನ ಮನೇಲಿ ಕೂತು ಯೋಚನೆ ಮಾಡು. ಸೋಮವಾರ ಹಾಸ್ಟೆಲಿಗೆ ಬಂದ್ರೆ ವಾಲ್ವ್ ತಿರುಗಿಸೋಕೆ ಬಾ. ಇಲ್ಲಾಂದ್ರೆ ಬರಲೇಬೇಡ, ಅಲ್ಲಿಗೂ ಬೇಡ, ಅಂಗಡಿಗೂ ಬೇಡ."

ಭಾನುವಾರ ಮಧ್ಯಾಹ್ನದ ಊಟಕ್ಕೆ ಮೊಟ್ಟೆ, ಹುರುಳಿಕಾಯಿ ಪಲ್ಯ, ಅನ್ನ, ಬೇಳೆ ಇತ್ತು. ಮೆಕ್ಯಾನಿಕ್ ವಿಷಯ ಹೇಳಿದ. ಹೇಳಿ ಹೆಂಡತಿಯ ಮುಖ ನೋಡಿದ. ಅವಳಿಂದ ಶಭಾಷ್ ಬರುತ್ತದೆ ಎಂದೇ ಅಂದುಕೊಂಡಿದ್ದ, ಪಾಪ.

"ಇದೊಂದು ಸಲ ಬಿಟ್ಟುಬಿಡಿ," ಎಂದಳು ಸೊಸೆ.

"ಏನಂದೆ?"

"ಇದೊಂದೇ ಸಲ. ಆಮೇಲೆ ಮತ್ತೆ ಹಿಡೀರಿ. ಕೆಲಸ ಹೋದ್ರೆ ನನ್ನೊಬ್ಬಳ ಹೊಲಿಗೆಯಲ್ಲಿ ನಾಲ್ಕು ಜನ ಹೊಟ್ಟೆ ಹೊರೆಯೋಕಾಗುತ್ತಾ? ಇವಳ ಓದು? ಅತ್ತೆ ಮಾತ್ರೆ?"

"ಪಟ್ಟಿ ಅಂಟಿಸಿದೋಳು ನೀನು."

"ಕೆಲಸ ಕಳ್ಕೊಳ್ಳಿ ಅಂತ ಪಟ್ಟೀಲಿ ಬರೆದಿರ್ಲಿಲ್ಲ!"

"ಬರೀಬೇಕಿತ್ತು," ಎಂದ ಮೆಕ್ಯಾನಿಕ್. ಅವನ ದನಿ ಏರಿತ್ತು. "ಮುಚ್ಚಳ, ಬಕೆಟು, ಉಳಿದ ಅನ್ನ, ಇದೆಲ್ಲ ಬರೆದೆ. ನಮಗೆ ನೋವಾಗೋದು ಒಂದೂ ಬರೀಲಿಲ್ಲ. ಅಮ್ಮನಿಗೆ ಮಾತ್ರ ಒಂದು ಬರೆದೆ."

ಸೊಸೆಯ ಕಣ್ಣಲ್ಲಿ ನೀರು ತುಂಬಿತು. "ನಂಗೆ ಭಯ ಆಗುತ್ತೆ ರೀ," ಎಂದಳು. "ಭೂಮಿದೂ ಭಯ, ಬಾಡಿಗೆದೂ ಭಯ. ಯಾವುದಕ್ಕೆ ಅಂತ ಹೆದರ್ಲಿ?"

ಜಡ್ಜಮ್ಮ ತೀರ್ಪು ಕೊಡಲಿಲ್ಲ. ಇಬ್ಬರೂ ಸರಿ ಇದ್ದಾಗ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಅತ್ತೆ ಅಷ್ಟು ಹೊತ್ತೂ ಅನ್ನ ಕಲಸುತ್ತಲೇ ಇದ್ದರು. ಕೈ ನಿಲ್ಲಿಸಿದರು.

"ನನ್ನ ತಂಗಿ ಕಿಟಕಿ ಯಾಕೆ ಮುಚ್ಚಿತ್ತು, ಗೊತ್ತಾ ನಿಮಗೆ?"

"ಮರೆವಿತ್ತಲ್ಲ ಅತ್ತೆ..."

"ಮರೆವೂ ಇಲ್ಲ, ಮಣ್ಣೂ ಇಲ್ಲ. ಅವಳ ಕಿಟಕಿ ತೆರೆಯೋದು ನಾಲ್ಕು ಗೋಡೆ ನಡುವಿನ ಒಂದು ಸಂದಿಗೆ. ಆ ಸಂದಿಯಲ್ಲಿ ಅಕ್ಕಪಕ್ಕದವರ ಎಂಟು ಎಸಿ ಪೆಟ್ಟಿಗೆ. ಅವರ ಕೋಣೆ ಬಿಸಿಯೆಲ್ಲ ಇವಳ ಕಿಟಕಿಗೆ ಊದೋವು. ತೆಗೆದ್ರೆ ಒಲೆ ಮುಂದೆ ಮುಖ ಇಟ್ಟ ಹಾಗೆ. ಅವತ್ತು ಬೆಳಿಗ್ಗೆ ಫೋನ್ ಮಾಡಿ, ತಾಳೋಕೆ ಆಗ್ತಿಲ್ಲ ಅಕ್ಕಾ ಅಂದ್ಲು." ಅತ್ತೆ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. "ಕಿಟಕಿ ಮುಚ್ಕೊಂಡು ಮಲಕ್ಕೋ ಅಂತ ನಾನೇ ಹೇಳ್ದೆ."

ಇಷ್ಟು ದಿನ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಸೊಸೆ ಎದ್ದು ಬಂದು ಪಕ್ಕದಲ್ಲಿ ಕೂತಳು.

"ಎಂಟರಲ್ಲಿ ಐದು ನಾನೇ ಕೂರಿಸಿದ್ದು ಅಮ್ಮಾ," ಎಂದ ಮೆಕ್ಯಾನಿಕ್, ತಲೆ ಎತ್ತದೆ. "ಆ ಕಿಟಕಿ ಯಾರದ್ದು ಅಂತ ಗೊತ್ತಿದ್ದೂ ಕೂರಿಸಿದೆ. ಸಾಹುಕಾರ್ರು ಅಲ್ಲೇ ಹಾಕು ಅಂದ್ರು, ಪೈಪು ಉಳಿಯುತ್ತೆ ಅಂದ್ರು. ಹಾಕ್ದೆ."

ಅತ್ತೆ ಎಡಗೈಯಿಂದ ಸೆರಗು ತೆಗೆದು ಕಣ್ಣೊರೆಸಿಕೊಂಡರು. ಹಾಲಿನ ಮೂಲೆಯಲ್ಲಿ ಬೆಡ್‌ಶೀಟು ಹೊದ್ದು ಕೂತಿದ್ದ ಪೆಟ್ಟಿಗೆಯನ್ನು ಗಲ್ಲದಿಂದ ತೋರಿಸಿದರು.

"ಅದು ನಂಗೆ ಬೇಡ. ನನ್ನ ಕೋಣೆ ಹಿಂದೆ ಆ ಮಗ್ಗುಲ ಮನೆ ಬಾಣಂತಿ ಕಿಟಕಿ ಇದೆ." ಆಮೇಲೆ ಮಗನ ಕಡೆ ತಿರುಗಿದರು. ಈಗ ದನಿ ಕ್ಯಾಂಟೀನಿನದು, ಮುನ್ನೂರು ಜನಕ್ಕೆ ಕೇಳುವಂಥದ್ದು. "ನಾಳೆ ನೀನು ವಾಲ್ವ್ ತಿರುಗಿಸಿದ್ರೆ ಈ ಮನೆ ಮೆಟ್ಟಿಲು ಹತ್ತಬೇಡ. ಅವರು ಹೇಳಿದ್ರು, ಇವರು ಹೇಳಿದ್ರು ಅಂತ ಮಾಡಿದ್ದು ಸಾಕು. ನನಗೂ ಸಾಕು, ನಿನಗೂ ಸಾಕು. ಮಾತ್ರೆ ಒಂದು ತಿಂಗಳು ತಡ ಆದ್ರೆ ನಾನೇನು ಸಾಯಲ್ಲ."

"ಮಾತ್ರೆ ತಡ ಮಾಡೋ ಹಾಗಿಲ್ಲ," ಎಂದಳು ಸೊಸೆ ಮೂಗು ಒರೆಸಿಕೊಳ್ಳುತ್ತಾ. "ನಾನು ಸಂಜೆ ಕೆಲಸಾನೂ ಕೇಳ್ತೀನಿ."

ಸೋಮವಾರ ಬೆಳಿಗ್ಗೆ ಮೆಕ್ಯಾನಿಕ್ ಹಾಸ್ಟೆಲಿನ ತಾರಸಿಗೆ ಹೋದ. ಹೋದದ್ದು ಮೆಷಿನ್ ಹೊತ್ತುಕೊಂಡು. ಇಪ್ಪತ್ತೆರಡು ಪೆಟ್ಟಿಗೆ ಎರಡು ಸಾಲಾಗಿ ನಿಂತಿದ್ದವು. ಮೊದಲನೆಯದರ ಮುಂದೆ ಕೂತು ಪೈಪು ಸಿಕ್ಕಿಸಿ, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟ. ಸಾಹುಕಾರರು ಏದುಸಿರು ಬಿಡುತ್ತಾ ನಾಲ್ಕು ಮಹಡಿ ಹತ್ತಿ ಬಂದಾಗ ಅವನು ಎರಡನೆಯ ಪೆಟ್ಟಿಗೆಯಲ್ಲಿದ್ದ.

"ನಾನು ಹೇಳಿದ್ದೇನು, ನೀನು ಮಾಡ್ತಾ ಇರೋದೇನು?"

"ಎರಡು ಜಾಸ್ತಿ ಮೆಷಿನ್ ಬಾಡಿಗೆಗೆ ತನ್ನಿ ಸಾಹುಕಾರ್ರೇ. ನಾನು, ಉದ್ದಣ್ಣ ಊಟಕ್ಕೂ ಏಳದೆ ಕೂತು ಎರಡೇ ದಿನದಲ್ಲಿ ಮುಗಿಸ್ತೀವಿ. ಕೂಲಿ ಜಾಸ್ತಿ ಕೇಳಲ್ಲ."

ನ್ಯಾಯವಾದ ಮಾತು. ಆದರೆ ತಾರಸಿಯ ಮೇಲೆ ಹಾಸ್ಟೆಲಿನ ಮೇಲ್ವಿಚಾರಕಿ ನಿಂತಿದ್ದಳು, ಉದ್ದಣ್ಣ ನಿಂತಿದ್ದ. ಕೂಲಿಯವನ ಮಾತಿಗೆ ಅವರ ಮುಂದೆ ಹೂಂ ಎನ್ನುವುದು ಸಾಹುಕಾರರಿಂದ ಆಗಲಿಲ್ಲ.

"ಉದ್ದಣ್ಣಾ, ಆ ಪೈಪು ಕೀಳು. ಎಲ್ಲ ವಾಲ್ವೂ ತೆಗಿ. ನೀನು," ಎಂದು ಮೆಕ್ಯಾನಿಕ್ಕಿಗೆ ಬೆರಳು ತೋರಿಸಿದರು, "ಇಳಿ ಕೆಳಗೆ. ನಿನ್ನ ಋಣ ಮುಗೀತು."

ಮೆಕ್ಯಾನಿಕ್ ಎರಡನೇ ಪೆಟ್ಟಿಗೆ ಪೂರ್ತಿ ಖಾಲಿಯಾಗುವವರೆಗೂ ಏಳಲಿಲ್ಲ. ಸಾಹುಕಾರರು ಬೈಯುತ್ತಲೇ ಇದ್ದರು, ತಕ್ಕಡಿಯ ಅಂಕಿ ಏರುತ್ತಲೇ ಇತ್ತು. ಅಂಕಿ ನಿಂತ ಮೇಲೆ ಸಿಲಿಂಡರು ಮುಚ್ಚಿ, ಪೈಪು ಸುತ್ತಿ ಎದ್ದು ನಿಂತ.

"ಈ ತಿಂಗಳ ಹತ್ತು ದಿನದ ಸಂಬಳ ಬೇಡ ಸಾಹುಕಾರ್ರೇ. ಈ ಟೀ ಸ್ಟೂಲು ಕೊಟ್ಟುಬಿಡಿ," ಎಂದು ಮೆಷಿನ್ ತಟ್ಟಿದ.

"ತಗೊಂಡು ಹಾಳಾಗಿ ಹೋಗು. ಲೈಸೆನ್ಸಿನವರು ಕೇಳಿದ್ರೆ ತೋರಿಸೋಕೆ ನನ್ನ ಹತ್ರ ಬಿಲ್ ಇದೆ."

ಮೆಷಿನ್ ಹೆಗಲಿಗೇರಿಸಿ, ಸಿಲಿಂಡರು ಕೈಯಲ್ಲಿ ಹಿಡಿದು ಅವನು ಮೆಟ್ಟಿಲಿಳಿದ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಮೇಲಿನಿಂದ ಸುಯ್ ಎಂಬ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು, ಮತ್ತೊಂದು. ಉಳಿದ ಇಪ್ಪತ್ತರಲ್ಲಿ ಒಂದನ್ನೂ ಹಿಡಿಯಲಾಗಲಿಲ್ಲ. ನಿಂತು, ಗೋಡೆಗೆ ಕೈಯಿಟ್ಟು, ಮತ್ತೆ ಇಳಿದ.

ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಂದವನಿಗೆ ಅತ್ತೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಸೊಸೆ ಸಂಜೆ ಬಂದವಳು ಮೆಷಿನ್ ನೋಡಿ, "ಸಂಬಳ ಬಿಟ್ಟು ಸ್ಟೂಲು ತಂದ್ರಾ?" ಎಂದು ಹಣೆ ಚಚ್ಚಿಕೊಂಡಳು. ಬೈದಳು, ಚೆನ್ನಾಗಿಯೇ ಬೈದಳು. ಬೈಯುತ್ತಲೇ ಟೇಪು ಹಿಡಿದು ಮೆಷಿನ್ನಿನ ಅಳತೆ ತೆಗೆದಳು. ಎರಡು ದಿನದಲ್ಲಿ ಗಿರಾಕಿಯೊಬ್ಬರು ಬಿಟ್ಟುಹೋದ ಜೀನ್ಸ್ ಪ್ಯಾಂಟಿನಿಂದ ಅದಕ್ಕೊಂದು ಗಟ್ಟಿ ಚೀಲ ಹೊಲಿದಳು, ಪೈಪಿಗೆ ಎರಡು ಜೇಬು ಬೇರೆ ಇಟ್ಟು.

ಮುಂದಿನ ವಾರಗಳು ಸುಖದವೇನಲ್ಲ. ಮೆಕ್ಯಾನಿಕ್ ಸೈಕಲ್ಲಿನಲ್ಲಿ ಬೀದಿ ಬೀದಿ ತಿರುಗಿದ. ಗ್ಯಾಸು ಬಿಡುವುದಿಲ್ಲ, ಹಿಡಿಯುತ್ತೇನೆ, ಅದಕ್ಕೆ ಮುಕ್ಕಾಲು ಗಂಟೆ ಜಾಸ್ತಿ ಆಗುತ್ತದೆ ಎಂದರೆ ಜನ ಮೇಲಿನಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡರು. ವಾರಕ್ಕೆ ಮೂರು ಕೆಲಸ, ಕೆಲವು ವಾರ ಒಂದು. ಸೊಸೆ ಸಂಜೆಯೂ ಹೊಲಿದಳು. ಮಾಂಸ ವಾರಕ್ಕೆ ಒಂದಿದ್ದದ್ದು ತಿಂಗಳಿಗೆ ಒಂದಾಯಿತು, ಹೊಸ ಬಟ್ಟೆಯ ಸುದ್ದಿಯೇ ಇಲ್ಲ.

"ಈಗ ನೋಡು ನಿನ್ನ ಪಟ್ಟಿ," ಎಂದರು ಅತ್ತೆ. "ಯಾರೂ ಹೇಳದೇನೇ ತಾನಾಗಿ ನಡೀತಿದೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ತುಂಬ ದಿನದ ಮೇಲೆ ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಅಂದೇ. ಆ ಭಾನುವಾರ ಇಬ್ಬರೂ ಸೇರಿ ಸುಣ್ಣ ಕಲಸಿ, ಅತ್ತೆಯ ಕೋಣೆಯ ಮೇಲಿನ ತಾರಸಿಗೆ ಎರಡು ಕೈ ಬಳಿದರು. ಬಳಿಯುವಾಗ ಗೆರೆ ನೇರವಿಲ್ಲ ಎಂದು ಜಗಳವಾಡಿದರು. ಮಧ್ಯಾಹ್ನ ಕೋಣೆ ಮೊದಲಿನಷ್ಟು ಕಾಯಲಿಲ್ಲ. ತಂಪಾಯಿತು ಎಂದು ಒಪ್ಪಿಕೊಳ್ಳಲು ಅತ್ತೆಗೆ ನಾಲ್ಕು ದಿನ ಬೇಕಾಯಿತು.

ಐದನೇ ಸಿಲಿಂಡರು ತುಂಬಿದ ಮಾರನೆಯ ದಿನ ಕಾರ್ಖಾನೆಯ ಗಾಡಿ ಬಂತು. ಅತ್ತೆ ಒಂದೊಂದರ ಟವೆಲನ್ನೂ ಬಿಚ್ಚಿ, ಮೈ ಒರೆಸಿ ಕಳಿಸಿಕೊಟ್ಟರು. ಬಾಲ್ಕನಿ ಬಿಕೋ ಎನ್ನುತ್ತಿದೆ ಎಂದು ಎರಡು ದಿನ ಗೊಣಗಿದರು.

ಬಿಸಿಲು ಮತ್ತೆ ಏರುತ್ತಿದ್ದ ದಿನಗಳು ಅವು. ಒಂದು ಮಧ್ಯಾಹ್ನ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ಸೊಸೆ ಊಟಕ್ಕೆಂದು ಬಂದವಳು ಒಲೆಯ ಮುಂದಿದ್ದಳು. ಮೆಕ್ಯಾನಿಕ್ ಕೆಲಸವಿಲ್ಲದೆ ನೆಲದ ಮೇಲೆ ಕೂತು ಪೈಪಿನ ವಾಷರ್ ಬದಲಿಸುತ್ತಿದ್ದ. ಬೀದಿಯಾಚೆಯ ಕಟ್ಟಡದ ತಾರಸಿಯಿಂದ ಆ ಸದ್ದು ಬಂತು.

ಸುಯ್.

ಅತ್ತೆ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಕಟಕಟೆಯ ಮೇಲೆ ಎಸೆದು ಬಗ್ಗಿ ನೋಡಿದರು. ಎದುರು ತಾರಸಿಯಲ್ಲಿ ಉದ್ದಣ್ಣ, ಪೆಟ್ಟಿಗೆಯ ಮುಂದೆ.

"ಏಯ್! ಮುಚ್ಚೋ ಅದನ್ನ!"

ಇಡೀ ಬೀದಿಗೆ ಕೇಳಿಸಿತು. ಹಣ್ಣಿನ ಗಾಡಿಯವನು ತಲೆ ಎತ್ತಿದ. ಎದುರು ಮನೆಗಳ ಕಿಟಕಿಗಳು ತೆರೆದುಕೊಂಡವು.

"ಅಮ್ಮಾ, ಸಾಹುಕಾರ್ರು ಹೇಳಿದ್ದಾರೆ..."

"ಯಾವ ಸಾಹುಕಾರನೋ? ಕರಿ ಅವನನ್ನೂ! ಮೇಲೆ ಬರ್ಲಿ, ಇಲ್ಲೇ ನಿಂತು ಮಾತಾಡ್ತೀನಿ! ನಾನು ಇಲ್ಲಿ ಐವತ್ತು ವರ್ಷದ್ದು ಒಂದೊಂದಾಗಿ ಮುಚ್ಚಿಡ್ತಾ ಇದ್ರೆ ನೀನು ಅಲ್ಲಿ ಕೂತು ಹಾರಿಸ್ತೀಯಾ? ಮುಚ್ಚೋ ಮೊದ್ಲು!"

ಉದ್ದಣ್ಣ ಸಾಹುಕಾರರು ಬರುವ ಮೆಟ್ಟಿಲ ಕಡೆ ಒಮ್ಮೆ ನೋಡಿದ, ಈ ಕಡೆ ಒಮ್ಮೆ ನೋಡಿದ. ಬಗ್ಗಿ ವಾಲ್ವ್ ತಿರುಗಿಸಿದ. ಸದ್ದು ನಿಂತಿತು.

"ಹೇಗೆ ಹಿಡಿಯೋದು ಅಂತ ನಂಗೆ ಗೊತ್ತಿಲ್ಲ ಅಮ್ಮಾ!" ಎಂದು ಕೂಗಿದ.

"ತಡಿ, ಗೊತ್ತಿರೋನನ್ನ ಕಳಿಸ್ತೀನಿ!"

ಮೆಕ್ಯಾನಿಕ್ ಆಗಲೇ ಜೀನ್ಸ್ ಚೀಲ ಹೆಗಲಿಗೇರಿಸಿದ್ದ. ಸೊಸೆ ಬಾಗಿಲು ತೆರೆದು ಹಿಡಿದಿದ್ದಳು. ಅವನು ದಡದಡ ಮೆಟ್ಟಿಲಿಳಿದು, ಬೀದಿ ದಾಟಿ, ಎದುರು ಕಟ್ಟಡದೊಳಗೆ ಹೋಗುವವರೆಗೂ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತರು.

ಒಳಗೆ ಬಂದಾಗ ಅಡುಗೆಮನೆಯಲ್ಲಿ ಸೀದ ವಾಸನೆ. ಗಲಾಟೆಯಲ್ಲಿ ಉರಿ ಸಣ್ಣ ಮಾಡಲು ಸೊಸೆ ಮರೆತಿದ್ದಳು. ಮುಚ್ಚಿದ್ದ ಬೇಳೆ ಉಕ್ಕಿ ಒಲೆಯ ತುಂಬ ಹರಿದಿತ್ತು.

"ನೋಡು! ಉಕ್ಕುತ್ತೆ ಅಂತ ನಾನು ಹೇಳಿರ್ಲಿಲ್ವಾ?" ಎಂದು ಅತ್ತೆ ಗೆದ್ದ ದನಿಯಲ್ಲಿ ಕೂಗಿದರು.

ಒಲೆ ಒರೆಸಿದರು, ಉರಿ ಸಣ್ಣ ಮಾಡಿದರು. ಜಾರಿ ಬಿದ್ದಿದ್ದ ಮುಚ್ಚಳವನ್ನು ತೊಳೆದು ತಂದು, ಸೊಸೆಯ ಮುಖ ನೋಡದೆ, ಪಾತ್ರೆಯ ಮೇಲೆ ಮತ್ತೆ ಮುಚ್ಚಿದರು.